ನಾನು ಪರೀಕ್ಷಿಸದೆ ಬಿಟ್ಟ ಹೆಸರು

ಟೆಸ್ಟಿಂಗ್ ಮಾಡುವ ನಮ್ಮನ್ನು ಆಫೀಸಿನಲ್ಲಿ ಮದುವೆಮನೆಗೆ ಬಂದ ಗಂಡಿನ ಕಡೆಯವರಂತೆ ನೋಡುತ್ತಾರೆ. ಎಷ್ಟು ಮಾಡಿದರೂ ಕೊಂಕು ತೆಗೆಯುತ್ತಾರೆ ಎಂಬ ದೂರು. ಬೇರೆಯವರು ಬರೆದ ಸಾಫ್ಟ್‌ವೇರ್ ಜನರ ಕೈ ಸೇರುವ ಮುಂಚೆ ಅದರ ತಪ್ಪು ಹುಡುಕುವುದೇ ನನ್ನ ಕೆಲಸ. ಕೊಂಕು ತೆಗೆಯದಿದ್ದರೆ ನನಗೆ ಸಂಬಳ ಯಾಕೆ?

ಆ ಸಲ ಗರುಡಾಚಾರ್‌ಪಾಳ್ಯದ ನಮ್ಮ ಆಫೀಸಿನಲ್ಲಿ ಒಂದು ಆಸ್ಪತ್ರೆಗಾಗಿ ಆ್ಯಪ್ ತಯಾರಾಗುತ್ತಿತ್ತು. ಡಾಕ್ಟರು ಬರೆದ ಔಷಧಿಗಳ ಪಟ್ಟಿ ರೋಗಿಯ ಫೋನಿಗೆ ಬರಬೇಕು. ಪರೀಕ್ಷೆಗೆ ನಾನು ಬಾಯಿಗೆ ಬಂದ ಹೆಸರು ಹಾಕುವವಳಲ್ಲ, ಮನೆಯವರನ್ನೇ ರೋಗಿಗಳನ್ನಾಗಿ ಮಾಡಿಬಿಡುತ್ತೇನೆ. ನಿಜವಾದ ಮನುಷ್ಯರು ಕಣ್ಣಮುಂದಿದ್ದರೆ ನಿಜವಾದ ತೊಂದರೆಗಳೂ ಹೊಳೆಯುತ್ತವೆ. ಮಾವನವರಿಗೆ ಸಕ್ಕರೆ ಕಾಯಿಲೆಯ ಮಾತ್ರೆ, ಮಗ ಪುಟ್ಟನಿಗೆ ಕೆಮ್ಮಿನ ಸಿರಪ್, ಇಬ್ಬರಿಗೂ ನನ್ನದೇ ಫೋನ್ ನಂಬರ್. ಎಲ್ಲ ಸರಿಯಾಗಿ ಬಂತು. ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಕಳಿಸಬಹುದು ಎಂದು ಬರೆದುಕೊಟ್ಟೆ.

ಅಂದು ಸಂಜೆ ಮಾವನವರನ್ನೂ ಪುಟ್ಟನನ್ನೂ ಕಗ್ಗದಾಸಪುರದ ನಮ್ಮ ಬೀದಿಯ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಕೌಂಟರಿನಲ್ಲಿದ್ದ ಹೆಂಗಸು ಹೆಸರು ಕೂಗಿದರು. ತಾತನೂ ಎದ್ದರು, ಮೊಮ್ಮಗನೂ ಎದ್ದ. ಕೂತಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಮರುಕ್ಷಣವೇ ಆಫೀಸಿನ ಆ್ಯಪ್ ನೆನಪಾಯಿತು.

ಮಗನಿಗೆ ತಾತನ ಹೆಸರನ್ನೇ ಇಟ್ಟಿದ್ದೇವೆ. ಆದರೆ ಸೊಸೆಯಾದವಳು ಮಾವನ ಹೆಸರನ್ನು ಬಾಯಲ್ಲಿ ಹೇಳುವ ಹಾಗಿಲ್ಲ, ಮಗನನ್ನು ಬೈಯುವಾಗಲೂ ಇಲ್ಲ. ಹಾಗಾಗಿ ಹುಟ್ಟಿದಾಗಿನಿಂದ ಅವನು ನನಗೆ ಪುಟ್ಟ. ಕಂಪ್ಯೂಟರಿನಲ್ಲಿ ಮಾವನವರ ಹೆಸರನ್ನು ಇದ್ದಂತೆಯೇ ಬರೆದಿದ್ದೆ, ಮಗನಿಗೆ ಮಾತ್ರ ನನ್ನ ಕೈ ಅಲ್ಲೂ ಪುಟ್ಟ ಎಂದೇ ಒತ್ತಿತ್ತು.

ಅಲ್ಲೇ ಫೋನಿನಲ್ಲಿ ಆ್ಯಪ್ ತೆರೆದು ಶಾಲೆಯಲ್ಲಿ ಬರೆಸಿದ್ದ ಮಗನ ನಿಜವಾದ ಹೆಸರು ಹಾಕಿದೆ. ಅವನ ಪಟ್ಟಿಯಲ್ಲಿ ತಾತನ ಸಕ್ಕರೆ ಮಾತ್ರೆ ಬಂದು ಕೂತಿತ್ತು. ಹೆಸರೂ ನಂಬರೂ ಒಂದೇ ಆದ್ದರಿಂದ ಆ್ಯಪ್ ಇಬ್ಬರನ್ನೂ ಒಬ್ಬರೇ ಎಂದುಕೊಂಡಿತ್ತು. ಇಂಥ ಮನೆ ನಮ್ಮದೊಂದೇ ಅಲ್ಲ, ಹಲಸೂರಿನ ನನ್ನ ತವರಿನ ಬೀದಿಯಲ್ಲೇ ಎಷ್ಟೋ ಇವೆ. ನಾನು ಸರಿಯಿದೆ ಎಂದದ್ದನ್ನು ನಂಬಿ ಯಾವ ತಾಯಿ ಮಗುವಿಗೆ ಆ ಮಾತ್ರೆ ಕೊಡುತ್ತಿದ್ದಳೋ! ನನ್ನ ಮೇಲೇ ಕೆಟ್ಟ ಸಿಟ್ಟು ಬಂತು.

ಆ್ಯಪ್ ಬರೆದ ಸಹೋದ್ಯೋಗಿಗೆ ಫೋನ್ ಮಾಡಿದೆ.

"ನಾಳೆ ಕಳಿಸ್ಬೇಡಪ್ಪ. ನಾನು ಓಕೆ ಅಂದಿದ್ದು ತಪ್ಪು."

"ಏನ್ ಮೇಡಂ, ಕೊನೇ ಗಳಿಗೇಲಿ ಹೀಗಂತೀರಲ್ಲ!"

"ತಾತಂಗೂ ಮೊಮ್ಮಗಂಗೂ ಒಂದೇ ಹೆಸ್ರಿದ್ರೆ ಔಷಧಿ ಅದಲುಬದಲಾಗ್ತಿದೆ."

"ಹಾಗೆ ಒಂದೇ ಮನೇಲಿ ಯಾರಿರ್ತಾರೆ ಮೇಡಂ?"

"ನನ್ ಪಕ್ಕದಲ್ಲೇ ಕೂತಿದ್ದಾರೆ, ಇಬ್ರೂ!"

"ಸರಿ, ಸಿಸ್ಟಂ ಮುಂದೇನೇ ಇದೀನಿ. ಆ ಹೆಸ್ರು ಹೇಳಿ, ನಾನೂ ಹಾಕಿ ನೋಡ್ತೀನಿ."

"ಮೆಸೇಜ್ ಹಾಕ್ತೀನಿ" ಎಂದೆ.

"ಒಂದ್ ಹೆಸ್ರು ಹೇಳೋಕೆ ಮೆಸೇಜ್ ಯಾಕೆ ಮೇಡಂ?"

ಮಾವನವರು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ನಮ್ಮ ಹೊಲಗಳ ಮೇಲೆ ಮನೆಗಳೇಳುವ ಮುಂಚೆ, ಬಿತ್ತನೆಯ ರಾಗಿಯನ್ನು ಅಂಗೈಯಲ್ಲಿ ಹಿಡಿದು ನೋಡದೆ ಹೊಲಕ್ಕಿಳಿದವರಲ್ಲ ಅವರು. ನಾನು ಗೋಡೆ ನೋಡುತ್ತಾ, ಮದುವೆಯಾದ ಹನ್ನೊಂದು ವರ್ಷಗಳಲ್ಲಿ ಮೊದಲ ಸಲ, ಆ ಹೆಸರು ಹೇಳಿದೆ. ಪುಟ್ಟ ಬಾಯಿ ತೆರೆದುಕೊಂಡು ನನ್ನನ್ನೇ ನೋಡಿದ.

ಮಾವನವರು ನನ್ನ ಕಡೆ ಬಾಗಿದರು. "ಇನ್ನೊಂದ್ಸಲ ಜೋರಾಗಿ ಹೇಳಮ್ಮ, ಆ ಕಡೆಯೋರಿಗೆ ಕೇಳ್ಸಿರಲ್ಲ."

ಹೇಳಿದೆ. ಕೌಂಟರಿನ ತನಕ ಕೇಳಿಸಿತು. ಹುಟ್ಟಿದ ದಿನಾಂಕವನ್ನೂ ನೋಡುವಂತೆ ಸರಿಪಡಿಸಿ, ನಾಲ್ಕು ದಿನ ತಡವಾಗಿ ಆ್ಯಪ್ ಕಳಿಸಿದೆವು.