ಗುಬ್ಬಿಯ ಕ್ಲಾಸಿನಲ್ಲಿ ಕಂಡ ಆಮ್ಲಜನಕ

ನಾನು ಓದಿದ್ದು ಚರಿತ್ರೆ. ಐವತ್ತರ ದಶಕದ ಕೊನೆಯಲ್ಲಿ ಕುಣಿಗಲ್‌ನಿಂದ ಗುಬ್ಬಿಗೆ ಟೀಚರಾಗಿ ಬಂದಾಗ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಸೈನ್ಸಿಗೆ ಯಾರೂ ಇರಲಿಲ್ಲ. ಹೆಡ್‌ಮಾಸ್ಟರು ರಸಾಯನಶಾಸ್ತ್ರದ ಪುಸ್ತಕವನ್ನು ನನ್ನ ಕೈಗಿಟ್ಟು, “ಇದೂ ಓದಿ ಹೇಳೋದೇ ಅಲ್ವೇನಮ್ಮಾ?” ಅಂದರು.

ಓದಿಯೇ ಹೇಳಿದೆ. ಯಾವ ಅನಿಲವಾದರೂ ತಯಾರಿಕೆ, ಗುಣಗಳು, ಉಪಯೋಗಗಳು; ಹುಡುಗಿಯರು ಬರೆದುಕೊಂಡು ಮಾರನೇ ದಿನ ಬಾಯಿಪಾಠ ಒಪ್ಪಿಸಬೇಕು. ಪುಸ್ತಕದ ಚಿತ್ರಗಳಲ್ಲಿ ಮಣಿಕಟ್ಟಿನವರೆಗೆ ಮಾತ್ರ ಕಾಣುವ ಯಾವನೋ ಗಂಡಸಿನ ಕೈ ಗಾಜಿನ ಜಾಡಿ ಹಿಡಿದಿರುತ್ತಿತ್ತು. ಆ ಕೈಯನ್ನೂ ಬಿಡದೆ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಹುಡುಗಿಯರು ಮೇಜಿನ ಮೇಲೆ ನನಗೆಂದು ದಿನಾ ಕನಕಾಂಬರ ತಂದಿಡುತ್ತಿದ್ದರು.

ಆಮೇಲೆ ಸೈನ್ಸಿಗೆಂದೇ ಅವಳು ಬಂದಳು. ಬಿ.ಎಸ್ಸಿ. ಮಾಡಿದವಳು, ನನಗಿಂತ ಚಿಕ್ಕವಳು, ತುಮಕೂರಿನಿಂದ ದಿನಾ ರೈಲಿನಲ್ಲಿ ಓಡಾಡುವವಳು. ಎರಡು ಸೆಕ್ಷನ್ನಿನಲ್ಲಿ ಒಂದನ್ನು ಅವಳಿಗೆ ಕೊಟ್ಟರು. ಟೆಸ್ಟ್ ಟ್ಯೂಬು, ಗಾಜಿನ ಕೊಳವೆ, ಸ್ಪಿರಿಟ್ ದೀಪವನ್ನೆಲ್ಲ ಟವೆಲ್ಲಿನಲ್ಲಿ ಸುತ್ತಿಕೊಂಡು ತಂದಳು. ವಾರ ಕಳೆಯುವಷ್ಟರಲ್ಲಿ ನನ್ನ ಹುಡುಗಿಯರು ಅವಳ ಕ್ಲಾಸಿನ ಕಿಟಕಿಗೆ ಜೋತುಬಿದ್ದರು.

“ಮಿಸ್, ಆ ಮಿಸ್ಸು ಆಮ್ಲಜನಕ ಮಾಡಿ ತೋರಿಸ್ತಾರಂತೆ!”

“ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಏನೇ ತೋರಿಸ್ತಾಳೆ?” ಅಂದೆ.

ಕನಕಾಂಬರ ಅವಳ ಜಡೆಗೆ ಹೋಯಿತು. ಅವಳ ಸೀರೆ, ಅವಳ ನಗು, ಒಂದೂ ನನಗೆ ಸೇರುತ್ತಿರಲಿಲ್ಲ. ಆದರೆ ಹೆಚ್ಚಿನ ಹೊಟ್ಟೆಕಿಚ್ಚು ಆ ಹುಡುಗಿಯರ ಮೇಲೆ. ವರ್ಷಗಟ್ಟಲೆ ಪಾಠ ಹೇಳಿಯೂ ನಾನು ಕಾಣದ್ದನ್ನು ಅವರು ಕಣ್ಣಾರೆ ಕಾಣುತ್ತಿದ್ದರು.

ಒಂದು ಶನಿವಾರ ತಡೆಯಲಾಗದೆ ಅವಳ ಕ್ಲಾಸಿಗೆ ಹೋಗಿ ಹಿಂದೆ ನಿಂತೆ. ಬಾವಿ ನೀರಿನ ಶುದ್ಧಿಗೆ ಹಾಕುವ ನೇರಳೆ ಹರಳುಗಳನ್ನು ಕಾಯಿಸಿ, ಬಂದ ಅನಿಲವನ್ನು ನೀರಿನಲ್ಲಿ ಬೋರಲಿಟ್ಟ ಜಾಡಿಗೆ ಹಿಡಿದಳು. ಕಿಡಿ ಮಾತ್ರ ಉಳಿದಿದ್ದ ಊದುಬತ್ತಿಯನ್ನು ಅದರೊಳಗೆ ಇಳಿಸಿದಳು. ಭಗ್ಗೆಂದು ಹತ್ತಿಕೊಂಡಿತು. “ಅಯ್ಯೋ!” ಎಂದು ಕೂಗಿದವಳು ನಾನೇ.

“ಇನ್ನೊಂದು ಜಾಡಿ ನೀವು ಹಿಡೀರಿ ಅಕ್ಕಾ,” ಅಂದಳು.

ಹಿಡಿದೆ. ತುಂಬಿತು. ಆ ಸಂಭ್ರಮದಲ್ಲಿ ದೀಪ ಆರಿಸಿಬಿಟ್ಟೆ. ನೀರು ಕೊಳವೆಯೊಳಗೆ ಸರ್ರನೆ ಏರಿ ಕಾದ ಟ್ಯೂಬಿಗೆ ನುಗ್ಗಿತು, ಟ್ಯೂಬು ಚಟ್ಟೆಂದು ಒಡೆಯಿತು. ಕಿಟಕಿಯಲ್ಲಿ ನಿಂತಿದ್ದ ನನ್ನದೇ ಹುಡುಗಿಯೊಬ್ಬಳು ಬಾಯಿಪಾಠದ ರಾಗದಲ್ಲಿ, “ಮೊದಲು ಕೊಳವೆಯನ್ನು ನೀರಿನಿಂದ ತೆಗೆಯಬೇಕು, ಅನಂತರ ದೀಪವನ್ನು ಆರಿಸಬೇಕು,” ಅಂದಳು. ಅದು ನಾನೇ ಬರೆಸಿದ ಸಾಲು. ಕ್ಲಾಸೆಲ್ಲ ನಕ್ಕಿತು.

ಅವಳು ನಗಲಿಲ್ಲ. “ಕಾಲೇಜಲ್ಲಿ ನಂದೂ ಹೀಗೇ ಒಡೆದಿತ್ತು, ಬಿಡಿ.” ಅವಳೂ ನಕ್ಕಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಮುಂದೆ ದಿನಾ ಸಂಜೆ ರೈಲಿನ ಹೊತ್ತಾಗುವವರೆಗೆ ಕೂತು ಎಲ್ಲ ಪ್ರಯೋಗಗಳನ್ನೂ ನನಗೆ ಕಲಿಸಿದಳು. ಮರುವರ್ಷ ಅವಳಿಗೆ ತುಮಕೂರಿಗೇ ವರ್ಗವಾಗಿ ಎರಡೂ ಸೆಕ್ಷನ್ನು ನನಗೆ ಬಂದವು. ಆಮ್ಲಜನಕ ಮಾಡಿದೆ, ಏನೂ ಒಡೆಯಲಿಲ್ಲ. ಹುಡುಗಿಯರು ಚಪ್ಪಾಳೆ ತಟ್ಟಿದರು. ಅದರ ನಡುವೆ, ಹೋದ ವರ್ಷ ಕೆಳಗಿನ ಕ್ಲಾಸಿನಿಂದ ಬಂದು ಕಿಟಕಿಯಲ್ಲಿ ನಿಂತು ನೋಡಿದ್ದ ಒಬ್ಬಳು ಪಕ್ಕದವಳಿಗೆ, “ಆ ಮಿಸ್ಸು ಮಾಡ್ದಾಗ ಇನ್ನೂ ಜೋರಾಗಿ ಹತ್ಕೊಂಡಿತ್ತು ಕಣೇ,” ಅಂದಿದ್ದು ಕೇಳಿಸಿತು.

ಅವತ್ತು ಮನೆಗೆ ಹೋದ ಮೇಲೆ ಊಟ ಸೇರಲಿಲ್ಲ.