ಟರ್ಬೊ ಕಾರಿನಲ್ಲಿ ಬಂಡೂರು ಕುರಿ

ನನ್ನ ಹಳೇ ಡೀಸೆಲ್ ಕಾರಿಗೆ ಗುಟ್ಟು ಎಂಬುದಿಲ್ಲ. ಮದ್ದೂರಿನ ನಮ್ಮ ಬೀದಿಯಲ್ಲಿ ಅದು ಗಡಗಡ ಎಂದ ಕೂಡಲೇ ‘ಮೇಡಂ ಸ್ಕೂಲಿಗೆ ಹೊರಟರು’ ಎಂದು ಎದುರುಮನೆಯವರು ಎಸರಿಡುತ್ತಾರೆ. ಅದು ಹಾಗೇಕೆ ಸದ್ದು ಮಾಡುತ್ತದೆಂಬುದನ್ನು ಕೇಳಿದವರಿಗೂ ಕೇಳದವರಿಗೂ ವಿವರಿಸುವುದು ವಿಜ್ಞಾನ ಪಾಠ ಮಾಡುವ ನನ್ನ ಚಟ.

ಪೆಟ್ರೋಲಿಗೆ ಕಿಡಿ ಬೇಕು, ಡೀಸೆಲ್ಲಿಗೆ ಬೇಡ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುತ್ತದಲ್ಲ, ಅದೇ ಕತೆ. ಸಿಲಿಂಡರಿನಲ್ಲಿ ಗಾಳಿಯನ್ನು ಬಲವಾಗಿ ಅದುಮಿದರೆ ವಿಪರೀತ ಕಾಯುತ್ತದೆ. ಅದರೊಳಕ್ಕೆ ನೇರವಾಗಿ ಡೀಸೆಲ್ ಚಿಮ್ಮಿಸಿದರೆ ತಾನೇ ಧಡ್ ಎಂದು ಹೊತ್ತಿಕೊಳ್ಳುತ್ತದೆ, ಆ ಗಡಗಡ ಅದರದೇ. ಇನ್ನು ಟರ್ಬೊ. ಹೊರಹೋಗುವ ಹೊಗೆಯ ರಭಸಕ್ಕೆ ಪುಟ್ಟ ಚಕ್ರವೊಂದು ತಿರುಗುತ್ತದೆ. ಬ್ಲಫ್‌ನ ಕರೆಂಟು ತಯಾರಿಸುವ ಕೇಂದ್ರದಲ್ಲಿ ಚಕ್ರ ತಿರುಗಿಸಲು ನೀರು ಮಾಡುವ ಕೆಲಸವನ್ನು ಇಲ್ಲಿ ಹೊಗೆ ಮಾಡುತ್ತದೆ. ಅದರ ಜೊತೆಗೇ ತಿರುಗುವ ಇನ್ನೊಂದು ಚಕ್ರ ಎಂಜಿನ್ನಿಗೆ ಹೆಚ್ಚು ಗಾಳಿ ತುರುಕುತ್ತದೆ. ಗಾಳಿ ಹೆಚ್ಚಿದ್ದರೆ ಡೀಸೆಲ್ಲೂ ಹೆಚ್ಚು ಉರಿಯುತ್ತದೆ, ಗಾಡಿ ಎಳೆಯುತ್ತದೆ.

ಇಷ್ಟನ್ನೂ ಬಂಡೂರಿನ ಶಿವಣ್ಣ ಭಾವನಿಗೆ ಹೇಳಿದ್ದೆ. ಅವರು ನನ್ನ ಅಕ್ಕನ ಗಂಡ. ಮಾತಾಡಲು ಕುರಿಗಿಂತ ದೊಡ್ಡ ವಿಷಯವಿದೆ ಎಂದು ನಂಬದವರು. “ಒಗೆ ಕುಡ್ದು ಓಡೋ ಗಾಡಿ ಅನ್ನು” ಎಂದು ಪಾಠ ಮುಗಿಸಿದ್ದರು.

ಹೋದ ದಸರಾ ರಜೆಯಲ್ಲಿ ಅವರ ಮನೆಗೆ ಹೋದಾಗ, ಅವರ ಮುದ್ದಿನ ಕುರಿ ಬೆಳಗಿನಿಂದ ಹೆರಿಗೆ ನೋವು ತಿನ್ನುತ್ತಿತ್ತು. ಮರಿಯ ಒಂದು ಕಾಲಷ್ಟೇ ಹೊರಗೆ ಕಾಣುತ್ತಿತ್ತು. ಫೋನಿನಲ್ಲಿ ಡಾಕ್ಟರು, “ಎಳೀಬೇಡಿ, ಮಳವಳ್ಳಿಗೆ ಕರ್ಕೊಂಡ್ ಬನ್ನಿ” ಎಂದರು. ಆಟೋ ಸಿಗಲಿಲ್ಲ.

“ಸರೋಜಾ, ಕಾರ್ ತೆಗಿ” ಎಂದರು ಭಾವ. ಹಿಂದಿನ ಸೀಟಿಗೆ ಗೋಣಿಚೀಲ ಹಾಸಿ, ಕುರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.

ಊರು ದಾಟಿ ಏರು ಹತ್ತುವಾಗ ‘ಟಪ್’ ಎಂದಿತು. ಎಳೆತವೇ ಇಲ್ಲ, ಹಿಂದೆ ಕಪ್ಪು ಹೊಗೆ.

“ಮುಗೀತು ಕಣಮ್ಮ!”

ಬಾನೆಟ್ ಎತ್ತಿದೆ. ಟರ್ಬೊದಿಂದ ಗಾಳಿ ತರುವ ರಬ್ಬರ್ ಕೊಳವೆ ಕಳಚಿತ್ತು. ಅದರ ಪಟ್ಟಿ ಸಡಿಲವಾಗಿತ್ತು, ಬಿಗಿಮಾಡಲು ಸ್ಕ್ರೂಡ್ರೈವರ್ ಇರಲಿಲ್ಲ. ಭಾವನ ಟವೆಲ್ಲಿನಲ್ಲಿ ಹಿಡಿದು ಕೊಳವೆಯನ್ನು ಒತ್ತಿ ಸಿಕ್ಕಿಸಿದೆ. ಇನ್ನು ಜೋರಾಗಿ ಓಡಿಸಿದರೆ ಗಾಳಿಯ ಒತ್ತಡಕ್ಕೆ ಅದು ಮತ್ತೆ ಹಾರುತ್ತದೆ. ಮೆಲ್ಲಗೆ ಹೋದರೆ ಟರ್ಬೊ ಅರೆನಿದ್ದೆಯಲ್ಲಿರುತ್ತದೆ, ಎಂಜಿನ್ ತನ್ನ ಉಸಿರಿನಲ್ಲೇ ನಡೆಯುತ್ತದೆ.

ಪಾಠದಲ್ಲಿ ಇದು ಸುಲಭ. ಹಿಂದೆ ಕುರಿ ನರಳುವಾಗ ಪಾದವನ್ನು ಹಗುರವಾಗಿ ಇಟ್ಟುಕೊಳ್ಳುವುದು ಬೇರೆಯೇ ಪರೀಕ್ಷೆ.

“ಒತ್ತಮ್ಮ, ಒತ್ತು! ಜೀವ ಓಯ್ತದೆ!”

“ಒತ್ತಿದ್ರೆ ನಿಂತೋಯ್ತದೆ ಭಾವ.”

“ಅದೆಂಥ ಗಾಡಿ ಮಡಗಿದ್ದೀಯೆ?”

ಕಬ್ಬು ತುಂಬಿದ ಟ್ರಾಕ್ಟರೊಂದು ನಮ್ಮನ್ನು ಹಿಂದೆ ಹಾಕಿತು. ಭಾವ ಅದನ್ನು ನೋಡಿದರು, ಆಮೇಲೆ ನನ್ನ ಬೆನ್ನನ್ನು ನೋಡಿದರು, ಕನ್ನಡಿಯಲ್ಲಿ ಕಾಣುತ್ತಿತ್ತು. ಅಳು ಬರುವಂತಾಗಿ ಒಮ್ಮೆ ಕಾಲು ತುಸು ಒತ್ತಿತು. ಕೊಳವೆ ಬುಸ್ ಎಂದಿತು. ತಕ್ಷಣ ಕಾಲು ಎತ್ತಿಕೊಂಡೆ. ಭಾವ ಕುರಿಯ ಕಿವಿಯಲ್ಲಿ, “ಬಂದೇ ಬುಡ್ತು ಕಣವ್ವ” ಎನ್ನುತ್ತಲೇ ಇದ್ದರು.

ಆಸ್ಪತ್ರೆಯಲ್ಲಿ ಡಾಕ್ಟರು ಸೋಪುನೀರು ಸವರಿದ ಕೈಯಿಂದ ಮರಿಯನ್ನು ಒಳಕ್ಕೆ ತಳ್ಳಿ, ಮಡಿಸಿಕೊಂಡಿದ್ದ ಇನ್ನೊಂದು ಕಾಲನ್ನು ನೆಟ್ಟಗೆ ಮಾಡಿ ಎಳೆದರು. ಮರಿ ಒದ್ದೆ ಬಟ್ಟೆಯಂತೆ ಬಿದ್ದಿತ್ತು. ಭಾವ ಅದರ ಮೂಗು ಒರೆಸಿ, ಹುಲ್ಲುಕಡ್ಡಿಯೊಂದನ್ನು ಹೊಳ್ಳೆಯೊಳಗೆ ಆಡಿಸಿದರು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಒಂದು ಸೀನು. ಪಕ್ಕೆ ಎದ್ದುಬಿದ್ದು ಆಡತೊಡಗಿತು. ಭಾವ ಕಣ್ಣೊರೆಸಿಕೊಂಡದ್ದು ಕೊಳವೆ ಹಿಡಿದ ಟವೆಲ್ಲಿನಲ್ಲಿ, ಮುಖವೆಲ್ಲ ಮಸಿ. ಡಾಕ್ಟರೂ ನಾನೂ ನಕ್ಕದ್ದೇಕೆಂದು ಅವರಿಗೆ ತಿಳಿಯಲಿಲ್ಲ, ಆದರೂ ನಕ್ಕರು.

ಮಳವಳ್ಳಿಯ ಮೆಕ್ಯಾನಿಕ್ ಪಟ್ಟಿ ಬದಲಿಸಿ ಬಿಗಿಮಾಡಿಕೊಟ್ಟ.

ಆ ಪ್ರಯಾಣದ ಸುದ್ದಿ ಹೇಳಿದಾಗಲೆಲ್ಲ ಗಮನಿಸಿದ್ದೇನೆ: ಕಾರು ಬಲ್ಲವರು ಎಷ್ಟು ಸ್ಪೀಡಿನಲ್ಲಿ ಹೋದಿರಿ ಎನ್ನುತ್ತಾರೆ, ನಾನು ಒಂದು ಪಾಠವನ್ನೇ ಮಾಡಬೇಕಾಗುತ್ತದೆ. ಕುರಿ ಬಲ್ಲವರು ಮರಿ ಹಾಲು ಕುಡಿಯಿತೇ ಎಂದು ಕೇಳುತ್ತಾರೆ. ಅವರಿಗೆ ಒಂದೇ ಮಾತು ಸಾಕು: ಕುಡಿಯಿತು.