ಹತ್ತನೆಯ ಸಾಲಿನ ಶ್ರೀ

ಎಂಬತ್ತರ ದಶಕದಲ್ಲಿ ಶಂಕರಪುರದ ಒಂದು ಬಟ್ಟೆ ಅಂಗಡಿಯ ಮಹಡಿಯಲ್ಲಿ ಗೃಹಿಣಿಯರಿಗೆಂದು ಕಂಪ್ಯೂಟರ್ ತರಗತಿ ಶುರುವಾಯಿತು. ಮನೆಯವರ ಊಟವಾದ ಮೇಲೆ, ಮಧ್ಯಾಹ್ನ ಎರಡಕ್ಕೆ. ಇದ್ದದ್ದು ಎರಡೇ ಯಂತ್ರ, ನಾವು ಎಂಟು ಜನ. ಪಾಠ ಹೇಳುತ್ತಿದ್ದ ಮೇಷ್ಟರನ್ನು ಕಂಡರೆ ನನಗೆ ಮೊದಲ ದಿನವೇ ಆಗಲಿಲ್ಲ. ಇವತ್ತಿಗೂ ಆಗುವುದಿಲ್ಲ.

ಚಪ್ಪಲಿ ಹೊರಗೆ ಬಿಟ್ಟು ಬನ್ನಿ, ಧೂಳು ಯಂತ್ರಕ್ಕಾಗದು ಎಂದರು. ಅದು ಸರಿಯೇ. ಆದರೆ ಏನು ಕೇಳಿದರೂ, "ಇದು ಹಪ್ಪಳ ಒತ್ತೋ ಕೆಲಸ ಅಲ್ಲಮ್ಮ" ಎನ್ನುವುದು. ಬೇಸಿಕ್ ಎಂಬ ಕಂಪ್ಯೂಟರ್ ಭಾಷೆಯ ಕಾಯ್ದಿರಿಸಿದ ಪದಗಳ ಪಟ್ಟಿಯೊಂದನ್ನು ಹಂಚಿ, "ಇವು ಮೆಷಿನ್ನಿನ ಪದಗಳು, ಬಾಯಿಪಾಠ ಮಾಡಿ" ಎಂದರು. ಯಾಕೆ, ಏನು ಎಂದು ಹೇಳಲಿಲ್ಲ.

ಮೊದಲ ಲೆಕ್ಕ ನಾನೇ ಆರಿಸಿಕೊಂಡೆ. ಇಷ್ಟು ಜನ ಊಟಕ್ಕೆ ಬಂದರೆ ಎಷ್ಟು ಪಾವು ಅಕ್ಕಿ? ಇಬ್ಬರಿಗೆ ಒಂದು ಪಾವು. ಯಾವ ಕಾಗದ ಹಿಡಿದರೂ ತಲೆಯ ಮೇಲೆ ಶ್ರೀ ಬರೆಯದೆ ನನ್ನ ಕೈ ಓಡುವುದಿಲ್ಲ. ಹಾಲಿನವನಿಗೆ ಬರೆಯುವ ಚೀಟಿಗೂ ಅಷ್ಟೆ. ಹಾಗಾಗಿ ಹತ್ತು, ಇಪ್ಪತ್ತು ಎಂದು ನಂಬರು ಕೊಡುವ ಸಾಲುಗಳಲ್ಲಿ ಮೊದಲನೆಯದಾದ ಹತ್ತನೆಯ ಸಾಲಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಶ್ರೀ ಎಂದು ಒತ್ತಿ, ಕೆಳಗೆ ಲೆಕ್ಕ ಬರೆದೆ. ಓಡಿಸಿದರೆ, ಹತ್ತನೆಯ ಸಾಲಿನಲ್ಲಿ ತಪ್ಪು ಎಂದು ಯಂತ್ರ ನಿಂತುಬಿಟ್ಟಿತು.

ಸಾಲಿನ ಮೊದಲಿಗೆ ಯಂತ್ರದ ಪದವೇ ಬೇಕೇನೋ ಎಂದು ಶ್ರೀಗೆ ಮೊದಲು, ಪರದೆಯ ಮೇಲೆ ತೋರಿಸು ಎನ್ನುವ ಪ್ರಿಂಟ್ ಪದ ಸೇರಿಸಿದೆ. ಈ ಸಲ ಓಡಿತು. ಆದರೆ ಪರದೆಯ ಮೇಲೆ ಮೂಡಿದ್ದು ಒಂದು ಸೊನ್ನೆ.

ಮೇಷ್ಟರು ಬಗ್ಗಿ ನೋಡಿ ಎಲ್ಲರಿಗೂ ಕೇಳುವಂತೆ ನಕ್ಕರು. "ನೋಡಿದ್ರಾ? ನಿಮ್ಮ ದೇವ್ರ ಬೆಲೆ ಸೊನ್ನೆ ಅಂತಿದೆ! ತೆಗೀರಿ ಆ ಲೈನು."

"ತೆಗೆಯಲ್ಲ ಸಾರ್."

"ಹಾಗಾದ್ರೆ ಶನಿವಾರದೊಳಗೆ ಅದನ್ನ ಇಟ್ಕೊಂಡೇ ಸರಿಯಾಗಿ ಓಡಿಸಿ. ಆಗ್ದಿದ್ರೆ ನಿಮ್ಮ ಸೀಟು ಬೇರೆಯವ್ರಿಗೆ. ಕಾಯೋರು ಬೇಕಾದಷ್ಟು ಜನ ಇದಾರೆ."

ನನ್ನ ಜೊತೆ ಕಲಿಯಲು ಬರುತ್ತಿದ್ದ, ಮದುವೆಗೆ ಮುಂಚೆ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಟೀಚರಮ್ಮ ಪಕ್ಕದಿಂದ ನನ್ನ ಮೊಣಕೈ ಹಿಡಿದು, "ಸುಮ್ನೆ ತೆಗೆದ್ಬಿಡಿ ಕಣ್ರೀ, ಮನಸ್ಸಲ್ಲಿ ಹೇಳ್ಕೊಂಡ್ರಾಯ್ತು" ಎಂದು ಪಿಸುಗುಟ್ಟಿದರು. ಒಳ್ಳೆಯ ಮಾತೇ. ಆದರೆ ಆ ನಗು ಕೇಳಿದ ಮೇಲೆ ತೆಗೆಯಲು ನನಗೆ ಮನಸ್ಸಿರಲಿಲ್ಲ. ಸೀಟು ಬಿಡಲೂ ಇರಲಿಲ್ಲ. ಮದುವೆಯಾದ ಮೇಲೆ ನನಗೆಂದೇ ನಾನು ಕೇಳಿ ಪಡೆದದ್ದು ಅದೊಂದೇ.

ಮರುದಿನ ನೈವೇದ್ಯದ ಅನ್ನಕ್ಕೆ ಮಡಿ ಪಾತ್ರೆ ಇಳಿಸುತ್ತಿದ್ದಾಗ ವಿಷಯ ಹೊಳೆಯಿತು. ಆ ಪಾತ್ರೆಯಲ್ಲಿ ಸಾರು ಕುದಿಸುವಂತಿಲ್ಲ, ಹುಣಸೆ ನೆನೆಹಾಕುವಂತಿಲ್ಲ. ಅದಕ್ಕೆ ಒಂದೇ ಕೆಲಸ. ಪ್ರಿಂಟ್, ಇನ್‌ಪುಟ್ ಮುಂತಾದವು ಯಂತ್ರದ ಮಡಿ ಪಾತ್ರೆಗಳು. ಮಿಕ್ಕ ಹೆಸರೆಲ್ಲ ನಾವು ಚೀಟಿ ಅಂಟಿಸುವ ಡಬ್ಬಿಗಳು. ಶ್ರೀ ಎಂದು ಡಬ್ಬಿಗೆ ಹೆಸರಿಟ್ಟು ಒಳಗೆ ಏನೂ ಹಾಕದಿದ್ದರೆ ಸೊನ್ನೆಯಲ್ಲದೆ ಇನ್ನೇನು ಬಂದೀತು? ದೇವರ ಬೆಲೆಯಂತೆ! ಆ ಮನುಷ್ಯನಿಗೆ ಇದು ಗೊತ್ತಿತ್ತು. ಗೊತ್ತಿದ್ದೂ ನಕ್ಕಿದ್ದರು.

ಅಕ್ಕಿ ಆರಿಸುವಾಗ ಪಟ್ಟಿಯನ್ನು ಮೊರದ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಪದ ಓದಿದೆ. ಕೊನೆಯ ಹತ್ತಿರ ಒಂದಿತ್ತು, ರೆಮ್. ಪಕ್ಕದಲ್ಲೇ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಅರ್ಥವೂ ಇತ್ತು: ಅದರ ಮುಂದೆ ಏನು ಬರೆದರೂ ಯಂತ್ರ ಅದನ್ನು ಬಿಟ್ಟು ಮುಂದಿನ ಸಾಲಿಗೆ ಹೋಗುತ್ತದಂತೆ. ತರಗತಿಯಲ್ಲಿ ಮೇಷ್ಟರು, "ಅದು ನಿಮಗೆ ಬೇಡ" ಎಂದು ಹಾರಿಸಿದ್ದ ಪದವೇ ಅದು. ದೇವರು ದೊಡ್ಡವನು, ಪಟ್ಟಿಯಿಂದ ಅದನ್ನು ಅಳಿಸುವ ಬುದ್ಧಿ ಅವರಿಗೆ ಕೊಟ್ಟಿರಲಿಲ್ಲ.

ಶನಿವಾರ ಹತ್ತನೆಯ ಸಾಲಿನಲ್ಲಿ ರೆಮ್ ಒತ್ತಿ, ಮುಂದೆ ಶ್ರೀ ಬರೆದೆ. ಓಡಿಸಿದೆ. ಎಷ್ಟು ಜನ ಎಂದು ಕೇಳಿತು. ಹನ್ನೆರಡು ಎಂದೆ. ಆರು ಪಾವು ಎಂದಿತು.

ಮೇಷ್ಟರು ಮುಖ ಗಂಟು ಹಾಕಿಕೊಂಡರು. "ಅದನ್ನ ಮೆಷಿನ್ನು ಓದೋದೇ ಇಲ್ಲ, ಗೊತ್ತೇನಮ್ಮ?"

"ಓದ್ಲಿ ಅಂತ ಬರೆದಿಲ್ಲ ಸಾರ್. ನನ್ನ ಸೀಟು ಇದೆ ತಾನೇ?"

ಮೇಷ್ಟರು ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನೆದುರು ಗುರುತು ಹಾಕಿ ಪೆನ್ನನ್ನು ಮೇಜಿನ ಮೇಲೆ ಎಸೆದರು. ಅವರನ್ನು ಕ್ಷಮಿಸಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಸೋಮವಾರ ಎರಡಕ್ಕೆ ಐದು ನಿಮಿಷವಿರುವಾಗಲೇ ಹೋಗಿ ನನ್ನ ಕುರ್ಚಿಯಲ್ಲಿ ಕೂತೆ.